ಪರಿಕರಗಳಿಗೊಂದು ಪರಿಕರ: ಯಂತ್ರಗಳನ್ನು ಬಣ್ಣಿಸುವ ಕೆಲವು ಇಂಗ್ಲಿಷ್ ನುಡಿಗಟ್ಟುಗಳ ವಿಚಾರ

ಕೆಲವು ಕಾಲದ ಹಿಂದೆ ಭಾಷಾಂತರ ವಿಷಯದ ಉತ್ತರಪತ್ರಿಕೆಗಳನ್ನು ಪರಿಶೀಲಿಸುವ ಕೆಲಸವು ಈ ಲೇಖಕನ ಪಾಲಿಗೆ ಬಂದಿತ್ತು. ಪರೀಕ್ಷಾರ್ಥಿಗಳಿಗೆ ಕೊಟ್ಟಿದ್ದ ಇಂಗ್ಲಿಷ್ ಗದ್ಯಖಂಡವು ಹಳೆಯದೊಂದು ಪ್ರಯೋಗಶಾಲೆಯ ವರ್ಣನೆ. ಅದರಲ್ಲಿ ನೀರೆತ್ತುವ ಪಂಪೊಂದು 'ಜ್ಯೂರಿ-ರಿಗ್ಡ್' ಆಗಿತ್ತು. ಗೋಡೆಯ ಬದಿಯ ವಿದ್ಯುತ್ತಂತಿಗಳು 'ರ್‍ಯಾಟ್ಸ್ ನೆಸ್ಟ್' ಆಗಿದ್ದುವು. ನಡುವೆ ನಿಂತಿದ್ದ ಮುಖ್ಯ ಯಂತ್ರವು 'ರೂಬ್ ಗೋಲ್ಡ್‌ಬರ್ಗ್' ಯಂತ್ರವಾಗಿತ್ತು. ಉತ್ತರಗಳಲ್ಲಿ ಪಂಪನ್ನು ನ್ಯಾಯದರ್ಶಿಗಳ ಮಂಡಲಿಯವರು ಜೋಡಿಸಿದ್ದರು; ಗೋಡೆಯ ಬದಿಯಲ್ಲಿ ಇಲಿಗಳು ಸಂಸಾರ ಹೂಡಿದ್ದುವು; ಯಂತ್ರವು ರೂಬ್ ಗೋಲ್ಡ್‌ಬರ್ಗ್ ಎಂಬ ಕಾರ್ಖಾನೆಯವರಿಂದ ತಯಾರಾಗಿ ಬಂದಿತ್ತು. ಓದಿ ನಕ್ಕದ್ದುಂಟು. ಆದರೆ ನಗು ಮುಗಿದ ಮೇಲೆ, ನಮಗೆ ಒದಗಿಸಿದ್ದ ಮಾದರಿ ಉತ್ತರವನ್ನು ತೆರೆದು ನೋಡಿದಾಗ ಮನಸ್ಸಿಗೆ ಬೇರೆಯೇ ಒಂದು ಕ್ಲೇಶವುಂಟಾಯಿತು. ಅಲ್ಲಿ ಮೂರು ಮಾತುಗಳಿಗೂ 'ಸಂಕೀರ್ಣವಾದ' ಎಂಬ ಒಂದೇ ಪದವನ್ನು ಇಟ್ಟು ಕೈತೊಳೆದುಕೊಂಡಿದ್ದರು. ವಿದ್ಯಾರ್ಥಿಗಳು ಅರ್ಥವನ್ನು ತಪ್ಪಾಗಿ ತಿಳಿದಿದ್ದರು. ಮಾದರಿ ಉತ್ತರದವರೋ, ಅಲ್ಲಿ ತಿಳಿಯತಕ್ಕದ್ದು ಏನಾದರೂ ಇದೆಯೆಂಬುದನ್ನೇ ಕಂಡಿರಲಿಲ್ಲ.

ಈ ಮೂರು ಮಾತುಗಳೂ ಪರ್ಯಾಯಗಳಲ್ಲ. ಒಂದೊಂದೂ ಒಂದೊಂದು ದೋಷವನ್ನು ಬೆರಳಿಟ್ಟು ತೋರಿಸುತ್ತದೆ. ಇಂಗ್ಲಿಷ್ ಬಲ್ಲವರು ಇವನ್ನು ಹೇಗೆ ವಿಂಗಡಿಸುವರೋ ಈ ಲೇಖಕನು ಅರಿಯನು; ಆತನು ಆ ಭಾಷೆಯನ್ನು ಕಲಿತದ್ದು ಪಾಠಶಾಲೆಯನ್ನು ಬಿಟ್ಟ ಮೇಲೆ, ನಿಘಂಟುವನ್ನೇ ಗುರುವಾಗಿ ಇಟ್ಟುಕೊಂಡು. ಆದರೆ ನಮ್ಮ ಆಲಂಕಾರಿಕರ ಒರೆಗಲ್ಲು ಕೈಯಲ್ಲಿರಲಾಗಿ, ಪರದೇಶದ ಚಿನ್ನವನ್ನು ಅದರ ಮೇಲೆ ತಿಕ್ಕಿ ನೋಡಬಾರದೆಂಬ ನಿಷೇಧವೇನೂ ಇಲ್ಲ.

ಮೊದಲು ಒಂದು ಕಾಕತಾಳೀಯವನ್ನು ನಿವೇದಿಸುತ್ತೇನೆ. ಲೋಕದಲ್ಲಿ 'ಪರಿಕರ'ವೆಂದರೆ ಉಪಕರಣಸಾಮಗ್ರಿ. ಅಲಂಕಾರಶಾಸ್ತ್ರದಲ್ಲಿ 'ಪರಿಕರ'ವೆಂದರೆ ಅಭಿಪ್ರಾಯಗರ್ಭಿತವಾದ ವಿಶೇಷಣಗಳ ಪ್ರಯೋಗ. ವಿಶೇಷಣವು ಸುಮ್ಮನೆ ತುಂಬುಪದವಾಗಿರದೆ, ಪ್ರಕೃತಾರ್ಥಕ್ಕೆ ಬಲವನ್ನು ಕೊಡುವ ಒಂದು ಆಶಯವನ್ನು ಒಡಲಲ್ಲಿ ಹೊತ್ತಿರಬೇಕೆಂಬುದು ಆ ಅಲಂಕಾರದ ಜೀವ. ಅಪ್ಪಯ್ಯ ದೀಕ್ಷಿತರ ಕುವಲಯಾನಂದವನ್ನು ಓದಿದ ಬಾಲಕನೂ ಇದನ್ನು ಬಲ್ಲನು. ಹಾಗಾದರೆ ಪರಿಕರಗಳನ್ನು ಬಣ್ಣಿಸುವ ಈ ಇಂಗ್ಲಿಷ್ ಮಾತುಗಳಿಗೆ ಕೇಳಬೇಕಾದ ಪ್ರಶ್ನೆಯು ತಾನಾಗಿಯೇ ಸಿದ್ಧವಾಗಿದೆ: ಈ ವಿಶೇಷಣದ ಒಡಲಲ್ಲಿರುವ ಅಭಿಪ್ರಾಯ ಯಾವುದು? ಅದು ಯಂತ್ರವನ್ನು ಕುರಿತದ್ದೋ, ಯಂತ್ರವನ್ನು ನೋಡುವವನನ್ನು ಕುರಿತದ್ದೋ?

ಇಂಗ್ಲೆಂಡಿನಲ್ಲಿ ವಿಲಿಯಂ ಹೀತ್ ರಾಬಿನ್ಸನ್ (1872–1944) ಎಂಬ ಚಿತ್ರಕಾರನಿದ್ದನು. ಅಮೆರಿಕದಲ್ಲಿ ರೂಬ್ ಗೋಲ್ಡ್‌ಬರ್ಗ್ (1883–1970) ಎಂಬ ವ್ಯಂಗ್ಯಚಿತ್ರಕಾರನಿದ್ದನು. ಇಬ್ಬರೂ ವಿಚಿತ್ರವಾದ ಯಂತ್ರಗಳನ್ನು ಬರೆದು ಜನರನ್ನು ನಗಿಸಿದರು. ಇಬ್ಬರ ಹೆಸರುಗಳೂ ಜೀವಂತರಾಗಿದ್ದಾಗಲೇ ವಿಶೇಷಣಗಳಾದುವು. ಡೆನ್ಮಾರ್ಕಿನವರಿಗೂ ಸ್ಟೋರ್ಮ್ ಪಿ. ಎಂದು ಖ್ಯಾತನಾದ ರಾಬರ್ಟ್ ಸ್ಟೋರ್ಮ್ ಪೀಟರ್ಸನ್ (1882–1949) ಎಂಬ ಇಂಥವನೇ ಒಬ್ಬನಿದ್ದು, ಅವರೂ ತಮ್ಮ ವಿಚಿತ್ರಯಂತ್ರಗಳಿಗೆ ಅವನ ಹೆಸರನ್ನೇ ಇಟ್ಟಿರುವರು. ಒಂದೇ ತಲೆಮಾರಿನಲ್ಲಿ, ಯಂತ್ರಗಳು ಮನೆಮನೆಯನ್ನು ಹೊಕ್ಕ ಕಾಲದಲ್ಲಿ, ಮೂರು ದೇಶಗಳು ಒಂದೇ ಬಗೆಯ ನಗುವಿಗೆ ಮೂವರು ಬೇರೆಬೇರೆ ಋಷಿಗಳನ್ನು ಕಂಡುಕೊಂಡುದು ವಿಚಾರಾರ್ಹವಾಗಿದೆ.

ನಿಘಂಟುಗಳಲ್ಲಿ 'ಹೀತ್ ರಾಬಿನ್ಸನ್' ಎಂಬುದಕ್ಕೆ 'ರೂಬ್ ಗೋಲ್ಡ್‌ಬರ್ಗ್' ಎಂದೂ, ಅದಕ್ಕೆ ಇದೆಂದೂ ಪರಸ್ಪರ ಅರ್ಥ ಬರೆದಿರುವುದನ್ನು ಕಾಣುತ್ತೇವೆ. ಇದು ಅನ್ಯೋನ್ಯಾಶ್ರಯ ಮಾತ್ರವಲ್ಲ, ತಪ್ಪೂ ಹೌದೆಂದು ನನ್ನ ಅಭಿಪ್ರಾಯ. ಇಬ್ಬರ ಚಿತ್ರಗಳನ್ನೂ ಎದುರೆದುರು ಇಟ್ಟು ನೋಡಿದವರಿಗೆ ಭೇದವು ಸ್ಪಷ್ಟವಾಗುವುದು. ರಾಬಿನ್ಸನ್ನನ ಯಂತ್ರದಲ್ಲಿ ದೋಷವು ದ್ರವ್ಯದಲ್ಲಿದೆ. ಗಂಟುಗಂಟಾದ ಹುರಿ, ತೇಪೆ ಹಾಕಿದ ಕೊಳವೆ, ಎಲ್ಲಿಂದಲೋ ಕಿತ್ತು ತಂದ ರಾಟೆ. ಈ ಎಲ್ಲವನ್ನೂ ಯಜ್ಞಶಾಲೆಯ ಋತ್ವಿಜರಂತೆ ಗಂಭೀರರಾಗಿ ನಡೆಸುತ್ತಿರುವ ಬೊಕ್ಕತಲೆಯ ಮಹನೀಯರು. ಹಾಸ್ಯವು ಹುಟ್ಟುವುದು ಆ ಗಾಂಭೀರ್ಯಕ್ಕೂ ಈ ಹುರಿಗೂ ಇರುವ ಅನೌಚಿತ್ಯದಿಂದ. ಗೋಲ್ಡ್‌ಬರ್ಗನದು ಹಾಗಲ್ಲ. ಅವನು 1904ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿ ಪಡೆದು, ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರು-ಚರಂಡಿಗಳ ಇಲಾಖೆಯಲ್ಲಿ ಕೆಲವು ತಿಂಗಳು ದುಡಿದು, ಅದನ್ನು ಬಿಟ್ಟು ಪತ್ರಿಕೆಗೆ ಬಂದವನು. ಅವನ ಚಿತ್ರಗಳಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಅಕ್ಷರದ ಗುರುತು. ಕೆಳಗೆ ಶಾಸ್ತ್ರೀಯವಾದ ವಿವರಣೆ. 1931ರ ಪ್ರಸಿದ್ಧ ಚಿತ್ರವೊಂದರಲ್ಲಿ ಊಟಕ್ಕೆ ಕುಳಿತವನು ಚಮಚವನ್ನೆತ್ತಿದರೆ ದಾರವು ಜಗ್ಗಿ ಸೌಟೊಂದು ಬಿಸ್ಕತ್ತನ್ನು ಎಸೆಯುತ್ತದೆ. ಗಿಣಿಯು ಅದಕ್ಕೆ ಹಾರುತ್ತದೆ. ಅದು ಕುಳಿತಿದ್ದ ಕೋಲು ವಾಲಿ ಕಾಳುಗಳು ಬಕೀಟಿಗೆ ಸುರಿಯುತ್ತವೆ. ಆ ಭಾರಕ್ಕೆ ಬೆಂಕಿ ಹೊತ್ತಿಸುವ ಸಾಧನವು ತೆರೆದು ಬಾಣವೊಂದು ಹಾರುತ್ತದೆ. ಅದು ಕುಡುಗೋಲನ್ನು ಚಲಿಸಿ ದಾರವನ್ನು ಕೊಯ್ಯುತ್ತದೆ. ಲೋಲಕಕ್ಕೆ ಕಟ್ಟಿದ ಕೈವಸ್ತ್ರವು ಬೀಸಿ ಬಂದು ಅವನ ಗಲ್ಲವನ್ನು ಒರಸುತ್ತದೆ.

ಇದು ನಮ್ಮವರ ಕಾರಣಮಾಲೆಯಲ್ಲದೆ ಮತ್ತೇನು? ಪೂರ್ವಪೂರ್ವವು ಉತ್ತರೋತ್ತರಕ್ಕೆ ಕಾರಣವಾಗುತ್ತ ಹೋದರೆ ಅದು ಕಾರಣಮಾಲಾಲಂಕಾರವೆಂದು ಕಾವ್ಯಪ್ರಕಾಶಾದಿಗಳಲ್ಲಿ ಹೇಳಿದೆ. ಕವಿಗಳು ಈ ಮಾಲೆಯನ್ನು ಕಟ್ಟುವಾಗ ಕೊನೆಯ ಮಣಿಯು ಮೊದಲಿನದಕ್ಕಿಂತ ಬೆಲೆಯುಳ್ಳದ್ದಾಗಿರುವಂತೆ ನೋಡಿಕೊಳ್ಳುವರು: ವಿದ್ಯೆಯಿಂದ ಆರಂಭಿಸಿ ಮೋಕ್ಷದಲ್ಲಿಯೋ, ಸುಖದಲ್ಲಿಯೋ ನಿಲ್ಲಿಸುವರು. ಗೋಲ್ಡ್‌ಬರ್ಗನು ಗಲ್ಲವನ್ನು ಒರಸುವುದರಲ್ಲಿ ನಿಲ್ಲಿಸಿದನು. ಮಾಲೆಯಲ್ಲಿ ಲೋಪವಿಲ್ಲ, ಫಲದಲ್ಲಿ ಲೋಪ. ಆದುದರಿಂದ 'ರೂಬ್ ಗೋಲ್ಡ್‌ಬರ್ಗ್' ಎಂಬ ವಿಶೇಷಣವು ಯಂತ್ರದ ಮೇಲೆ ಹೊರಿಸುವ ಅಪರಾಧವು ಅವ್ಯವಸ್ಥೆಯಲ್ಲ. ನೈಯಾಯಿಕರು ಗೌರವವೆಂದು ಕರೆಯುವ ದೋಷ, ಎಂದರೆ ಲಘುವಾದ ಮಾರ್ಗವಿರಲು ಗುರುವಾದುದನ್ನು ಹಿಡಿಯುವುದು. ಅರ್ಧಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವರೆಂದು ಹೆಸರಾದ ವೈಯಾಕರಣರಿಗೆ ಈ ದೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಇದಕ್ಕೆ ಸಮಾನವಾದ ಮಾತಿಲ್ಲವೆಂದು ಮಾದರಿ ಉತ್ತರವನ್ನು ಸಿದ್ಧಪಡಿಸಿದವರು ವಾದಿಸಬಹುದು. ಕೈಯನ್ನು ತಲೆಯ ಹಿಂದಿನಿಂದ ಸುತ್ತಿ ತಂದು ಮೂಗನ್ನು ಹಿಡಿಯುವುದಕ್ಕೆ 'ದ್ರಾವಿಡ ಪ್ರಾಣಾಯಾಮ'ವೆಂದು ನಮ್ಮಲ್ಲಿ ಹಳ್ಳಿಯವರೂ ಹೇಳುವರಲ್ಲ! (ಈ ಹೆಸರನ್ನು ಇಟ್ಟವರ ಮೇಲೆ ದಕ್ಷಿಣದೇಶದವನಾದ ನನ್ನದೊಂದು ಆಕ್ಷೇಪವುಂಟು, ಆದರೆ ಮಾತು ಚೆನ್ನಾಗಿದೆಯೆಂಬುದನ್ನು ಒಪ್ಪಲೇಬೇಕು.) 'ಬೆಟ್ಟ ಅಗೆದು ಇಲಿ ಹಿಡಿದಂತೆ' ಎಂಬ ಗಾದೆಯು ಸಮೀಪಕ್ಕೆ ಬರುವುದಾದರೂ ಹೊಂದುವುದಿಲ್ಲ, ಅದು ಶ್ರಮದ ಅತಿಶಯವನ್ನು ಹೇಳುವುದೇ ಹೊರತು ಮಾರ್ಗದ ವಕ್ರತೆಯನ್ನು ಹೇಳುವುದಿಲ್ಲ. ಬೆಟ್ಟವನ್ನು ನೇರವಾಗಿಯೇ ಅಗೆಯಬಹುದಷ್ಟೆ.

ಇನ್ನು 'ಹೀತ್ ರಾಬಿನ್ಸನ್' ಎಂಬ ಮಾತಿಗೆ ಚರಿತ್ರೆಯೇ ಒಂದು ಭಾಷ್ಯವನ್ನು ಬರೆದಿದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಜರ್ಮನರ ಗೂಢಲಿಪಿಗಳನ್ನು ಭೇದಿಸುವುದಕ್ಕಾಗಿ 1943ರಲ್ಲಿ ಒಂದು ಯಂತ್ರವನ್ನು ಸ್ಥಾಪಿಸಿದರು. ರಂಧ್ರಗಳುಳ್ಳ ಎರಡು ಕಾಗದದ ಪಟ್ಟಿಗಳು ಗಾಲಿಗಳ ಮೇಲೆ ಒಟ್ಟೊಟ್ಟಿಗೆ, ಒಂದಕ್ಕೊಂದು ಒಂದಿಷ್ಟೂ ತಪ್ಪದಂತೆ, ಮಹಾವೇಗದಿಂದ ಓಡಬೇಕಾಗಿತ್ತು. ಕಾಗದವು ಹಿಗ್ಗುತ್ತಿತ್ತು, ಹರಿಯುತ್ತಿತ್ತು, ಮೇಳವು ಕೆಡುತ್ತಿತ್ತು. ಅದನ್ನು ನಡೆಸುತ್ತಿದ್ದ ನೌಕಾದಳದ ತರುಣಿಯರು ಅದನ್ನು 'ಹೀತ್ ರಾಬಿನ್ಸನ್' ಎಂದು ಕರೆದರು. ಹೆಸರು ನಿಂತಿತು. ಅದು ಬರಿಯ ಪರಿಹಾಸವಾಗಿರಲಿಲ್ಲ. ದಿನವೂ ಯಂತ್ರದೊಡನೆ ಹೆಣಗಿದವರ ತೀರ್ಪಾಗಿತ್ತು. ಟಾಮಿ ಫ್ಲವರ್ಸ್ ಎಂಬ ಎಂಜಿನಿಯರು ಮುಂದೆ ನಿರ್ಮಿಸಿ 1944ರ ಆರಂಭದಲ್ಲಿ ಕೆಲಸಕ್ಕೆ ಹಚ್ಚಿದ 'ಕೊಲೋಸಸ್' ಎಂಬ ಯಂತ್ರದಲ್ಲಿ ಎರಡನೆಯ ಪಟ್ಟಿಯೇ ಇರಲಿಲ್ಲ. ಅದು ಒದಗಿಸುತ್ತಿದ್ದುದನ್ನು ಯಂತ್ರವು ವಿದ್ಯುತ್ತಿನಿಂದ ತನ್ನೊಳಗೇ ಉಂಟುಮಾಡಿಕೊಳ್ಳುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಕೊಲೋಸಸ್ಸಿನಲ್ಲಿ 1,500ಕ್ಕೂ ಹೆಚ್ಚು ನಿರ್ವಾತನಳಿಕೆಗಳಿದ್ದುವು. ಅವಯವಗಳನ್ನು ಎಣಿಸಿದರೆ ಅದು ಹಳೆಯದಕ್ಕಿಂತ ಬಹುಪಾಲು ಜಟಿಲವಾದುದು. ಆದರೂ ಅದನ್ನು ಯಾರೂ ರಾಬಿನ್ಸನ್ನನ ಹೆಸರಿನಿಂದ ಕರೆಯಲಿಲ್ಲ, ದೊಡ್ಡದೆಂದರು, ಅಷ್ಟೆ. ಆದುದರಿಂದ ಅವಯವಗಳ ಬಾಹುಳ್ಯವು ಈ ವಿಶೇಷಣಗಳ ವಿಷಯವೇ ಅಲ್ಲ. ಅವಯವಗಳು ಒಂದನ್ನೊಂದು ಹೇಗೆ ಬಯಸುತ್ತವೆ, ಹೇಗೆ ಸೈರಿಸುತ್ತವೆ ಎಂಬುದೇ ವಿಷಯ. 'ಸಂಕೀರ್ಣ'ವೆಂಬ ಪದವು ಇಲ್ಲಿ ಸಲ್ಲದೆಂದು ನಾನು ಹೇಳುವುದು ಈ ಕಾರಣದಿಂದ. ತನ್ನ ಹೆಸರು ಇಂಥದೊಂದು ಯಂತ್ರಕ್ಕೆ ಸಂದಿತೆಂಬುದು ಆ ಚಿತ್ರಕಾರನಿಗೆ ತಿಳಿಯಲಿಲ್ಲ. ಅವನು 1944ರಲ್ಲಿ ತೀರಿಕೊಂಡನು, ಬ್ಲೆಚ್ಲಿಯ ಗುಟ್ಟು ಹೊರಬಿದ್ದುದು 1970ರ ದಶಕದಲ್ಲಿ.

ಪದಗಳ ಗುಂಪೆಲ್ಲವೂ ವಾಕ್ಯವಾಗುವುದಿಲ್ಲ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇದ್ದರೆ ಮಾತ್ರ ವಾಕ್ಯವಾಗುವುದೆಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಹಸು, ಕುದುರೆ, ಮನುಷ್ಯ, ಆನೆ ಎಂದು ಸುಮ್ಮನೆ ಹೇಳಿದರೆ ಆಕಾಂಕ್ಷೆಯಿಲ್ಲ. ಬೆಂಕಿಯಿಂದ ತೋಯಿಸುತ್ತಾನೆಂದರೆ ಯೋಗ್ಯತೆಯಿಲ್ಲ. ಈಗೊಂದು ಪದವನ್ನೂ ಪ್ರಹರದ ಮೇಲೆ ಇನ್ನೊಂದನ್ನೂ ಉಚ್ಚರಿಸಿದರೆ ಸನ್ನಿಧಿಯಿಲ್ಲ. ಯಂತ್ರವನ್ನು ಒಂದು ವಾಕ್ಯವೆಂದು ಭಾವಿಸಿ ನೋಡಿದರೆ ಈ ನುಡಿಗಟ್ಟುಗಳಿಗೆ ಒಂದು ನೆಲೆ ಸಿಗುತ್ತದೆ. ತಂತಿಗಳನ್ನು 'ಇಲಿಯ ಗೂಡು' ಎಂದರೆ, ಯಾವುದು ಯಾವುದನ್ನು ಅಪೇಕ್ಷಿಸುತ್ತದೆಂದು ಕಾಣದು. ಸಿಕ್ಕಿದ್ದನ್ನೆಲ್ಲ ಎಳೆತಂದು ತುರುಕಿದ್ದಷ್ಟೆ. 'ಕ್ಲೂಜ್' ಎಂಬ ಇನ್ನೊಂದು ಮಾತುಂಟು. 1962ರಲ್ಲಿ ಡೇಟಮೇಷನ್ ಎಂಬ ಪತ್ರಿಕೆಯಲ್ಲಿ ಜಾಕ್ಸನ್ ಗ್ರಾನ್‌ಹೋಮ್ ಎಂಬವನು ಬರೆದ ಹಾಸ್ಯಲೇಖನದಿಂದ ಅದು ಗಣಕಶಾಸ್ತ್ರಜ್ಞರಲ್ಲಿ ಹಬ್ಬಿತು. ಒಂದಕ್ಕೊಂದು ಹೊಂದದ ಅಂಗಗಳನ್ನು ಕೂಡಿಸಿ, ನೋಡಿದವರಿಗೆ ಸಂಕಟವಾಗುವಂತೆ ಒಟ್ಟುಗೂಡಿಸಿದ ವಸ್ತು ಅದರ ಅರ್ಥ. ಇಲ್ಲಿ ಕುಂದು ಯೋಗ್ಯತೆಯದು. ಕೆಲಸ ನಡೆಯುತ್ತದೆ, ಬೆಂಕಿಯಿಂದ ತೋಯಿಸುವ ಕೆಲಸ. ಗಣಕದ ಆಜ್ಞಾವಳಿಯನ್ನು 'ಸ್ಪಗೆಟಿ' ಎಂದು ಹಳಿಯುವಾಗ ಸನ್ನಿಧಿಯ ಭಂಗವೇ ಅಭಿಪ್ರೇತವಾಗಿರುವಂತೆ ತೋರುತ್ತದೆ. ಒಂದು ಎಳೆಯ ತುದಿಯನ್ನು ಹಿಡಿದರೆ ಇನ್ನೊಂದು ತುದಿಯು ಎಲ್ಲಿಯೋ ಮುಳುಗಿರುತ್ತದೆ. ಈ ವಿಭಾಗವು ಎಲ್ಲ ಕಡೆಯೂ ನೂಲು ಹಿಡಿದಂತೆ ಹೊಂದುವುದೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಗೋಲ್ಡ್‌ಬರ್ಗನ ಯಂತ್ರದಲ್ಲಿ ಮೂರೂ ತುಂಬಿವೆಯೆಂಬುದೂ, ಆದ್ದರಿಂದ ಅವನದು ಇವೆಲ್ಲಕ್ಕೂ ಬೇರೆಯಾದ ಜಾತಿಯೆಂಬುದೂ ಇದರಿಂದ ದೃಢಪಡುತ್ತದೆ.

ಗೂಡಿನ ಮಾತು ಬಂದುದರಿಂದ ಒಂದು ಪ್ರಾಸಂಗಿಕ ವಿಚಾರ. ಗೂಡುಗಳಲ್ಲಿ ನಮಗೆ ನೆನಪಾಗುವುದು ಗೀಜಗನ ಗೂಡು. ಅದು ಕೌಶಲಕ್ಕೆ ಉಪಮಾನ. ಅಲ್ಲಿಯೂ ಎಳೆಗಳು ಲೆಕ್ಕವಿಲ್ಲದಷ್ಟು, ಇಲ್ಲಿಯೂ ಎಳೆಗಳು ಲೆಕ್ಕವಿಲ್ಲದಷ್ಟು. ಹಕ್ಕಿಯದನ್ನು ಹೊಗಳಿ ಇಲಿಯದನ್ನು ತೆಗಳುವುದರಲ್ಲಿ ಎಳೆಗಳ ಎಣಿಕೆಯು ಪ್ರಮಾಣವಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ. ಆದರೆ ಇಲಿಯ ಪಕ್ಷದಿಂದಲೂ ಒಂದು ಮಾತಿದೆ. ಇಲಿಗೆ ಅದರ ಗೂಡು ಗೋಜಲಲ್ಲ. ನೇಯ್ಗೆಯನ್ನರಿಯದವನು ಮಗ್ಗವನ್ನು ನೋಡಿ ಸಿಕ್ಕೆನ್ನುವನು. ನೇಕಾರನಿಗೆ ಅಲ್ಲಿ ಒಂದು ನೂಲೂ ಅನ್ಯಾಯವಾಗಿ ಬಿದ್ದಿಲ್ಲ. ನನ್ನಲ್ಲಿಗೆ ಪಾಠಕ್ಕೆ ಬಂದ ತರುಣನೊಬ್ಬನು, ಅಷ್ಟಾಧ್ಯಾಯಿಯ ಸುಮಾರು 4,000 ಸೂತ್ರಗಳನ್ನು ಕಂಡು, ಅನುವೃತ್ತಿಯು ಅಲ್ಲಿಂದಿಲ್ಲಿಗೆ ಹರಿದುಬರುವುದನ್ನು ಕಂಡು, ಇದೊಂದು ತಂತಿಯ ಸಿಕ್ಕು ಎಂದನು. ಆರು ತಿಂಗಳ ಮೇಲೆ ಆ ಮಾತನ್ನು ತಾನಾಗಿಯೇ ಹಿಂದಕ್ಕೆ ತೆಗೆದುಕೊಂಡನು. ಆದುದರಿಂದ ಇಂಥ ವಿಶೇಷಣವನ್ನು ಓದಿದಾಗಲೆಲ್ಲ, ಹೇಳಿದವನು ಯಾರೆಂದು ವಿಚಾರಿಸುವುದು ಅವಶ್ಯಕ. ಬ್ಲೆಚ್ಲಿಯ ತರುಣಿಯರಂತೆ ಯಂತ್ರವನ್ನು ನಡೆಸಿದವನೋ, ಬಾಗಿಲಲ್ಲಿ ನಿಂತು ಇಣಿಕಿದವನೋ? ವ್ಯಂಜನೆಗೆ ವಕ್ತೃವಿನ ವೈಶಿಷ್ಟ್ಯವನ್ನೂ ಶ್ರೋತೃವಿನ ವೈಶಿಷ್ಟ್ಯವನ್ನೂ ಕಾಕುವನ್ನೂ ಸಹಕಾರಿಗಳೆಂದು ಮಮ್ಮಟನು ಎಣಿಸಿರುವುದು ಕಾವ್ಯಕ್ಕೆ ಮಾತ್ರವಲ್ಲ.

ಇದಕ್ಕೆ ಅತ್ಯುತ್ತಮ ನಿದರ್ಶನವು 'ಬೆಲ್ಸ್ ಆ್ಯಂಡ್ ವಿಸಲ್ಸ್', ಎಂದರೆ ಗಂಟೆಗಳೂ ಸಿಳ್ಳುಗಳೂ, ಎಂಬ ಮಾತು. ಯಂತ್ರಕ್ಕೆ ಅಂಟಿಸಿದ ಮೇಲ್ಮೇಲಿನ ಸೌಕರ್ಯಗಳು ಅದರ ಅರ್ಥ. ಮಾರುವವನ ಬಾಯಲ್ಲಿ ಅದು ಸ್ತುತಿ. ಕೊಂಡವನ ಬಾಯಲ್ಲಿ, ಅದೂ ಮೂರು ತಿಂಗಳು ಕಳೆದ ಮೇಲೆ, ನಿಂದೆ. ಪದಗಳಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಕನ್ನಡದಲ್ಲಿ ಇದನ್ನು 'ಗೆಜ್ಜೆ ಗೊಂಡೆ' ಎಂದರೆ ಎರಡು ಧ್ವನಿಗಳೂ ಉಳಿಯುತ್ತವೆಂದು ನನಗೆ ತೋರುತ್ತದೆ. ಸಂಕ್ರಾಂತಿಯ ದಿನ ಎತ್ತಿನ ಕೊರಳ ಗೆಜ್ಜೆಯೂ ಕೋಡಿನ ಗೊಂಡೆಯೂ ಕಣ್ಣಿಗೆ ಹಬ್ಬ. ಮರುದಿನ ನೊಗಕ್ಕೆ ಅವುಗಳಿಂದ ಆಗುವುದೇನೂ ಇಲ್ಲ.

ಯಂತ್ರದ ಗುಣದೋಷಗಳನ್ನು ಹೆಸರಿಸುವ ಅಭ್ಯಾಸವು ಪಾಶ್ಚಾತ್ಯರಿಂದಲೇ ನಮಗೆ ಬರಬೇಕಾಗಿತ್ತೆಂದು ತಿಳಿಯುವವರು, 11ನೆಯ ಶತಮಾನದ ಧಾರಾಧೀಶ್ವರನಾದ ಭೋಜನ ಸಮರಾಂಗಣಸೂತ್ರಧಾರದ 31ನೆಯ ಅಧ್ಯಾಯವನ್ನು ಓದಬೇಕು. ಗಣಪತಿ ಶಾಸ್ತ್ರಿಗಳು ಸಂಶೋಧಿಸಿದ ಈ ಗ್ರಂಥವು ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ 1924–25ರಲ್ಲಿ ಅಚ್ಚಾಯಿತು. ಅಲ್ಲಿ ಭೋಜನು ಯಂತ್ರಕ್ಕಿರಬೇಕಾದ ಗುಣಗಳನ್ನು ಒಂದು ಪಟ್ಟಿಯಾಗಿ ಹೇಳುತ್ತಾನೆ: ಮೂಲದ್ರವ್ಯಗಳ ಉಚಿತಸಂಯೋಗ, ಸೌಶ್ಲಿಷ್ಟ್ಯ, ಶ್ಲಕ್ಷ್ಣತೆ, ಅಲಕ್ಷ್ಯತೆ, ನಿರ್ವಹಣ, ಲಘುತ್ವ, ಶಬ್ದಹೀನತೆ, ಅಶೈಥಿಲ್ಯ ಮೊದಲಾದುವು. ಇವನ್ನು ಒಂದೊಂದಾಗಿ ತಿರುವಿ ಹಾಕಿದರೆ ಇಂಗ್ಲಿಷಿನ ನಿಂದಾವಾಚಕಗಳು ಒಂದೊಂದಾಗಿ ಹೊರಬರುತ್ತವೆ. ಉಚಿತಸಂಯೋಗವಿಲ್ಲದುದು ಕ್ಲೂಜ್, ಸೌಶ್ಲಿಷ್ಟ್ಯವಿಲ್ಲದುದು, ಹುರಿಯಿಂದ ಬಿಗಿದುದು, ಹೀತ್ ರಾಬಿನ್ಸನ್, ಲಘುತ್ವವಿಲ್ಲದುದು, ಆ ಪದವನ್ನು ಮಾರ್ಗದ ಲಾಘವಕ್ಕೂ ಹಿಗ್ಗಿಸಬಹುದಾದರೆ, ರೂಬ್ ಗೋಲ್ಡ್‌ಬರ್ಗ್. ಇನ್ನೂ ಸೊಗಸಾದುದೇನೆಂದರೆ, ಶಬ್ದಹೀನತೆಯನ್ನು ಗುಣವೆಂದು ಹೇಳಿದ ಭೋಜನು, ಶಬ್ದವೇ ಸಾಧ್ಯವಾಗಿರುವ ಯಂತ್ರದಲ್ಲಿ ಶಬ್ದಾಧಿಕ್ಯವೇ ಗುಣವೆಂದು ಅಪವಾದವನ್ನೂ ಹೇಳಿದ್ದಾನೆ. ಗಂಟೆ ಸಿಳ್ಳುಗಳ ವಿಷಯದಲ್ಲಿ ಇದಕ್ಕಿಂತ ನ್ಯಾಯವಾದ ನಿರ್ಣಯವನ್ನು ನಾನು ಕಂಡಿಲ್ಲ.

ಅಲಕ್ಷ್ಯತೆ, ಎಂದರೆ ಒಳಗಿನ ಕಟ್ಟಣೆಯು ಕಣ್ಣಿಗೆ ಬೀಳದಿರುವುದು, ಈಚೆಗೆ ಬಹುಮಟ್ಟಿಗೆ ಸಾಧಿಸಿದೆ. ಯಂತ್ರವು ನುಣುಪಾದ ಹೊದಿಕೆಯೊಳಗೆ ಅಡಗಿತು. ನುಡಿಗಟ್ಟುಗಳು ಅದರೊಡನೆ ಒಳಕ್ಕೆ ಸರಿದು ಆಜ್ಞಾವಳಿಗೆ ಅಂಟಿಕೊಂಡುವು. ಮೇಜಿನ ಹಿಂದೆ ಬಗ್ಗಿ ನೋಡಿದವರಿಗೆ ಇಲಿಯ ಗೂಡು ಮಾತ್ರ ಇನ್ನೂ ಅಲ್ಲಿಯೇ ಇದೆ.

ಹೀಗೆ ಎಲ್ಲವೂ ನಿಂದೆಯೇ ಎಂದು ತಿಳಿಯಲಾಗದು. ಎಣ್ಣೆಬಾವಿಯ ಬಾಯಿಯ ಮೇಲೆ ಕೂರಿಸುವ ಕವಾಟಗಳ ಗೊಂಚಲನ್ನು ಆ ಉದ್ಯೋಗದವರು 'ಕ್ರಿಸ್ಮಸ್ ಟ್ರೀ' ಎನ್ನುವರು. ಎರಡನೆಯ ಮಹಾಯುದ್ಧಕಾಲದ ಅಮೆರಿಕದ ಜಲಾಂತರ್ಗಾಮಿಗಳಲ್ಲಿ, ಹಡಗಿನ ಯಾವ ಬಾಯಿ ತೆರೆದಿದೆ ಯಾವುದು ಮುಚ್ಚಿದೆಯೆಂದು ತೋರುವ ಕೆಂಪು ಹಸಿರು ದೀಪಗಳ ಫಲಕಕ್ಕೂ ಅದೇ ಹೆಸರು. ಇದು ಸಾದೃಶ್ಯಮೂಲವಾದ ಗೌಣಲಕ್ಷಣೆ, ಕ್ರಮೇಣ ರೂಢಿಯಾಯಿತು. ಇಲ್ಲಿ ವಿಶೇಷಣದ ಒಡಲಲ್ಲಿ ಅಭಿಪ್ರಾಯವೇ ಇಲ್ಲ, ಆದುದರಿಂದ ಪರಿಕರವೂ ಇಲ್ಲ. ಪಾರಿಭಾಷಿಕವಾದ ಹೆಸರು ಮಾತ್ರ. ಇದನ್ನು ನಾನು 'ಕವಾಟಗೊಂಚಲು' ಎನ್ನುವೆನು. ಕೇಶಿರಾಜನ ಸೂತ್ರವನ್ನು ಹಿಡಿದು ಅರಿಸಮಾಸವಾಯಿತೆಂದು ಗದರಿಸುವವರಿದ್ದಾರೆ. ಅವರು 'ಕವಾಟಗುಚ್ಛ' ಎನ್ನಲಿ. ಬಾವಿಯ ಬಳಿ ಕೆಲಸ ಮಾಡುವವನು ಯಾವುದನ್ನು ಉಚ್ಚರಿಸುವನೆಂಬುದು ಬೇರೆಯ ಪ್ರಶ್ನೆ.

ರೂಢಿಯ ಮಾತು ಬಂದಾಗ 'ಕರ್ಮದಲ್ಲಿ ಕುಶಲ' ಎಂಬ ಹಳೆಯ ವಿವಾದವು ಸ್ಮರಣೆಗೆ ಬರದಿರದು. ದರ್ಭೆಯನ್ನು ಕೊಯ್ಯುವವನೆಂಬ ಅರ್ಥವು ಬಾಧಿತವಾಗಿ ನಿಪುಣನೆಂಬ ಅರ್ಥವು ರೂಢಲಕ್ಷಣೆಯಿಂದ ಬರುವುದೆಂದು ಮಮ್ಮಟನು ಹೇಳಿದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಇದನ್ನು ಒಪ್ಪಲಿಲ್ಲ: ಶಬ್ದದ ವ್ಯುತ್ಪತ್ತಿಗೆ ನಿಮಿತ್ತವು ಬೇರೆ, ಪ್ರವೃತ್ತಿಗೆ ನಿಮಿತ್ತವು ಬೇರೆ, ನಿಪುಣನೆಂಬುದೇ ಮುಖ್ಯಾರ್ಥ. ಯಂತ್ರವಾಚಕಗಳ ವಿಷಯದಲ್ಲಿ ನಾನು ವಿಶ್ವನಾಥನ ಪಕ್ಷ. 'ಪ್ಯಾರಫರ್ನೇಲಿಯ' ಎಂಬುದು ಗ್ರೀಕ್ ಮೂಲದ್ದು. ವರದಕ್ಷಿಣೆಯ ಹೊರತಾಗಿ ವಧುವಿನ ಸ್ವಂತವಾಗಿ ಉಳಿಯುವ ಸೊತ್ತೆಂದು ಅರ್ಥ. ನಮ್ಮ ಧರ್ಮಶಾಸ್ತ್ರಗಳ ಸ್ತ್ರೀಧನಕ್ಕೆ ಅದು ಬಹಳ ಹತ್ತಿರ. ನ್ಯಾಯಸ್ಥಾನದಿಂದ ಹೊರಟ ಆ ಪದವು ಈಗ ಕೊಡೆ, ಪೆಟ್ಟಿಗೆ, ಕೊಳವೆ, ತಂತಿ ಎಂಬ ಎಲ್ಲ ಬಗೆಯ ಕಲಬೆರಕೆ ಸಾಮಗ್ರಿಗೂ ಸಲ್ಲುತ್ತದೆ. ಅದನ್ನು 'ಸ್ತ್ರೀಧನ'ವೆಂದು ಅನುವಾದಿಸುವ ಮೂರ್ಖನು ಇಲ್ಲ. ಕನ್ನಡದಲ್ಲಿ ಅದಕ್ಕೆ ಅಣ್ಣನಂತಿರುವ 'ಸರಂಜಾಮು' ಸಿದ್ಧವಾಗಿದೆ. ಅದೂ ಪಾರಸಿಯಿಂದ ಬಂದುದು. ಮರಾಠರ ಆಡಳಿತದಲ್ಲಿ ಸೇನೆಯ ನಿರ್ವಹಣಕ್ಕಾಗಿ ಬಿಟ್ಟುಕೊಟ್ಟ ಭೂಮಿಗೂ ಅದೇ ಹೆಸರಿತ್ತು. ಎರಡು ಭಾಷೆಗಳಲ್ಲಿ ಎರಡು ಪದಗಳು ಆಸ್ತಿಯ ದಫ್ತರದಿಂದ ಹೊರಟು ಸಾಮಾನಿನ ಕೊಟ್ಟಡಿಗೆ ಬಂದು ಸೇರಿವೆ.

'ಜ್ಯೂರಿ-ರಿಗ್ಡ್' ಎಂಬುದೂ ಹೀಗೆಯೇ. ಬಿರುಗಾಳಿಗೆ ಕೂವೆಮರವು ಮುರಿದಾಗ ನಾವಿಕರು ಕೈಗೆ ಸಿಕ್ಕಿದ ಮರದಿಂದ ತಾತ್ಕಾಲಿಕವಾಗಿ ನಿಲ್ಲಿಸುವ ಕೂವೆಗೆ 17ನೆಯ ಶತಮಾನದ ಆದಿಯಿಂದಲೂ 'ಜ್ಯೂರಿ ಮಾಸ್ಟ್' ಎನ್ನುತ್ತಿದ್ದರು. ನ್ಯಾಯಸ್ಥಾನದ ಜ್ಯೂರಿಗೂ ಇದಕ್ಕೂ ಸಂಬಂಧವಿಲ್ಲ. ಇದರ ವ್ಯುತ್ಪತ್ತಿಯನ್ನು ನಿಘಂಟುಕಾರರು ನಿಷ್ಕರ್ಷಿಸಿಲ್ಲ. ಈ ಮಾತಿನಲ್ಲಿ ನಿಂದೆಯು ಅಲ್ಪ, ಮೆಚ್ಚಿಗೆಯು ಅಧಿಕ. ಆಪತ್ಕಾಲದಲ್ಲಿ ಹಡಗನ್ನು ದಡ ಮುಟ್ಟಿಸಿದ ಕೂವೆಯನ್ನು ಯಾರು ಹಳಿದಾರು? ನಮ್ಮವರು ಆಪದ್ಧರ್ಮವೆಂದು ಕರೆಯುವುದರ ಯಾಂತ್ರಿಕ ರೂಪವಿದು.

ಇಷ್ಟರವರೆಗೆ ಹೇಳಿದ ಮಾತುಗಳೆಲ್ಲ ವಸ್ತುವನ್ನು ಹೆಚ್ಚಾಗಿ ತೋರಿಸುತ್ತವೆ. ಮರೆಸುವ ಮಾತೂ ಒಂದಿದೆ. 'ಗ್ಯಾಜೆಟ್' ಎಂಬುದು 19ನೆಯ ಶತಮಾನದ ನಾವಿಕರ ಮಾತು. ಹೆಸರು ನೆನಪಿಗೆ ಬಾರದ ಸಣ್ಣಪುಟ್ಟ ಸಲಕರಣೆಗೆ ಅವರು ಹಾಗೆನ್ನುತ್ತಿದ್ದರು. 1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಮೊತ್ತಮೊದಲು ಸಿಡಿಸಿದ ಪರಮಾಣು ಅಸ್ತ್ರಕ್ಕೆ ಅದನ್ನು ನಿರ್ಮಿಸಿದವರು ಇಟ್ಟಿದ್ದ ಹೆಸರು ಇದೇ. ಅದರ ಭಾವಚಿತ್ರವನ್ನು ಅನೇಕರು ನೋಡಿರಬಹುದು: ಗೋಪುರದ ಮೇಲೆ ದೊಡ್ಡದೊಂದು ಗೋಲ, ಅದರ ಮೈತುಂಬ ಹಬ್ಬಿ ಹೆಣೆದುಕೊಂಡ ತಂತಿಗಳು. ಇಲಿಯ ಗೂಡೆಂಬ ಮಾತು ಯಾವ ಯಂತ್ರಕ್ಕಾದರೂ ನೋಟಮಾತ್ರದಿಂದ ಒಪ್ಪುವುದಾದರೆ ಇದಕ್ಕೆ ಒಪ್ಪುವುದು. ಆದರೆ ಆ ತಂತಿಗಳಲ್ಲಿ ಒಂದೂ ಅನಾಕಾಂಕ್ಷಿತವಾದುದಲ್ಲ. ಅವೆಲ್ಲವೂ ಏಕಕಾಲಕ್ಕೆ ಕಿಡಿಯನ್ನು ಒಯ್ಯಬೇಕಾಗಿದ್ದುವು, ಒಯ್ದುವು. ಅದೇ ರಚನೆಯ ಬಾಂಬು ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿತ್ತು.

ಭಯಂಕರವಾದುದಕ್ಕೆ ಅಲ್ಪವಾದ ಹೆಸರನ್ನಿಡುವುದು ನಮ್ಮಲ್ಲಿಲ್ಲವೆ, ಎಂದು ಕೇಳಬಹುದು. ಉಂಟು. ಹಾವು ಕಚ್ಚಿದರೆ ಹಳ್ಳಿಯವರು 'ಹುಳ ಮುಟ್ಟಿತು' ಎನ್ನುವರು. ದೀಪವು ಆರಿದರೆ 'ದೊಡ್ಡ'ದಾಯಿತೆನ್ನುವರು. ಅಮಂಗಲವನ್ನು ಬಾಯಿಂದ ಆಡಬಾರದೆಂಬ ಭೀತಿಯೂ ಭಕ್ತಿಯೂ ಅಲ್ಲಿ ಕಾರಣ. ಹುಳವೆಂದಾಗ ಕೇಳುವವನಿಗೆ ಹಾವೆಂದು ತಿಳಿಯುತ್ತದೆ. ತಿಳಿಯಲೆಂದೇ ಹೇಳುವುದು, ಅವನು ಕೂಡಲೆ ವೈದ್ಯನಿಗಾಗಿ ಓಡುವನು. 'ಗ್ಯಾಜೆಟ್' ಎಂದಾಗ ಕೇಳುವವನಿಗೆ ತಿಳಿಯಬಾರದು; ಅದು ಯುದ್ಧದ ಗುಟ್ಟು. ಅಷ್ಟೇ ಆಗಿದ್ದರೆ ನಾನು ಆಕ್ಷೇಪಿಸುತ್ತಿರಲಿಲ್ಲ. ಮಂತ್ರಗುಪ್ತಿಯು ಕೌಟಿಲ್ಯನಿಗೂ ಸಮ್ಮತ. ಆದರೆ ಪದವು ಕೇಳುವವನಿಂದ ವಸ್ತುವನ್ನು ಮರೆಸುವಾಗ ಹೇಳುವವನಿಂದಲೂ ಸ್ವಲ್ಪ ಮರೆಸುವುದು ಅದರ ಸ್ವಭಾವ. ಲಘುಶಬ್ದದಿಂದ ಮಹಾವಸ್ತುವನ್ನು ದಿನವೂ ಕರೆಯುತ್ತಿದ್ದವರ ಮನಸ್ಸಿನಲ್ಲಿ ಆ ವಸ್ತುವಿನ ಭಾರವು ಎಷ್ಟು ಉಳಿದಿತ್ತೆಂಬುದನ್ನು ಆಲಂಕಾರಿಕನು ಕೇಳಲೇಬೇಕಾಗುತ್ತದೆ. ಈ ಪದವನ್ನು ಕನ್ನಡಿಸುವವನು 'ಬಾಂಬು' ಎಂದು ಬಿಡಿಸಿ ಬರೆದರೆ ಅರ್ಥವು ತಿಳಿಯುವುದು, ಆದರೆ ಈ ಪ್ರಶ್ನೆಯು ಸತ್ತುಹೋಗುವುದು. 'ಸಲಕರಣೆ' ಎಂದೇ ಬರೆಯಬೇಕು, ಓದುಗನು ಬೆಚ್ಚಬೇಕು.

ಇಂಗ್ಲಿಷರ ಸಾಹಿತ್ಯದಲ್ಲಿಯೂ ಈ ದೃಷ್ಟಿಯ ಬೀಜಗಳು ನುಡಿಗಟ್ಟುಗಳಿಗಿಂತ ಹಿಂದಿನವು. ಡಿಕನ್ಸನು 1854ರ 'ಹಾರ್ಡ್ ಟೈಮ್ಸ್' ಕಾದಂಬರಿಯಲ್ಲಿ ಉಗಿಯಂತ್ರದ ಏರಿಳಿತವನ್ನು ವಿಷಾದೋನ್ಮಾದದಲ್ಲಿರುವ ಆನೆಯ ತಲೆಗೆ ಹೋಲಿಸಿದನು. ಅಲ್ಲಿ ಭಾವವು ಕರುಣ. ಲೂಯಿಸ್ ಕ್ಯಾರಲ್ಲನ 1871ರ 'ಥ್ರೂ ದಿ ಲುಕಿಂಗ್-ಗ್ಲಾಸ್' ಗ್ರಂಥದ ಬಿಳಿಯ ಸರದಾರನು ಕುದುರೆಯ ಮೇಲೆ ಜೇನುಪೆಟ್ಟಿಗೆಯನ್ನೂ ಇಲಿಬೋನನ್ನೂ ಹೇರಿಕೊಂಡು, ಶಾರ್ಕ್ ಮೀನುಗಳು ಕಚ್ಚಬಾರದೆಂದು ಕುದುರೆಯ ಕಾಲಿಗೆ ಕಡಗವನ್ನು ತೊಡಿಸಿ ಹೊರಡುತ್ತಾನೆ. ಎಲ್ಲವೂ ಅವನ ಸ್ವಂತ ಕಲ್ಪನೆಗಳು. ರಾಬಿನ್ಸನ್ನನು ಆಗಿನ್ನೂ ಹುಟ್ಟಿರಲಿಲ್ಲ. ಆ ಸರದಾರನನ್ನು ಓದಿಸಿದ ಅಧ್ಯಾಪಕನು ತರಗತಿಯಲ್ಲಿ 'ಕಾಂಟ್ರಾಪ್ಷನ್' ಎಂಬ ಪದಕ್ಕೆ ಅರ್ಥವನ್ನು ಹೇಳುವ ಶ್ರಮವನ್ನು ಉಳಿಸಿಕೊಳ್ಳಬಹುದು.

ಉತ್ತರಪತ್ರಿಕೆಗಳಿಗೆ ಮರಳುತ್ತೇನೆ. ಅವುಗಳಲ್ಲಿ ಒಂದು, ಅಕ್ಷರವು ಬಹಳ ಕೆಟ್ಟದಾಗಿದ್ದುದು, ಮೂರನೆಯ ಮಾತಿಗೆ 'ದ್ರಾವಿಡ ಪ್ರಾಣಾಯಾಮ ಮಾಡುವ ಯಂತ್ರ' ಎಂದು ಬರೆದಿತ್ತು. ಜೊತೆಯ ಪರೀಕ್ಷಕರು, ಮೂಲದಲ್ಲಿ ಪ್ರಾಣಾಯಾಮವಿಲ್ಲ, ಮಾದರಿ ಉತ್ತರದಲ್ಲಿಯೂ ಇಲ್ಲ ಎಂದು ಅಂಕಗಳನ್ನು ಕಳೆದಿದ್ದರು. ಎರಡು ದಿನ ಚರ್ಚೆಯಾಯಿತು. ಕಡೆಗೆ ಆ ಅಂಕಗಳು ಪೂರ್ತಿಯಾಗಿ ಹಿಂದಿರುಗಿದುವು. ಪಂಪನ್ನು ನ್ಯಾಯದರ್ಶಿಗಳು ಜೋಡಿಸಿದರೆಂದು ಅದೇ ಪತ್ರಿಕೆಯು ಬರೆದಿದ್ದುದಕ್ಕೆ ಮಾತ್ರ ನಾನೂ ಏನನ್ನೂ ಕೊಡಲಾಗಲಿಲ್ಲ.